ಕ್ವೀನ್ಸ್‌ನ ಗೋಡೆಗಳ ಬಗ್ಗೆ ಕೇಳಿದವರಿಗೆ

ನಿಮ್ಮ ಪತ್ರ ಓದಿದೆ. ಗಂಡನ ಕೆಲಸದ ವೀಸಾಕ್ಕೆ ಹೊಂದಿಕೊಂಡ ಎಚ್-4 ವೀಸಾದ ಮೇಲೆ ಈ ಚಳಿಗಾಲದಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್‌ಗೆ ಬಂದಿದ್ದೀರಿ, ಚಿತ್ರಕಲೆ ಓದಿದ್ದೀರಿ, ಊರಿನಲ್ಲಿ ಗೋಡೆಗಳ ಮೇಲೆ ಕನ್ನಡ ಅಕ್ಷರಗಳನ್ನು ಬಿಡಿಸಿದ ಅಭ್ಯಾಸವಿದೆ. ಇಲ್ಲಿಯ ಗ್ರಾಫಿಟಿ (ಗೋಡೆಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಹೆಸರು ಬರೆಯುವ ಕಲೆ) ಮತ್ತು ಹಿಪ್ ಹಾಪ್ ಬಳಗದಲ್ಲಿ ಹೊರಗಿನಿಂದ ಬಂದ ಹೆಂಗಸಿಗೆ ಜಾಗ ಸಿಗುತ್ತದೆಯೇ, ವೀಸಾಕ್ಕೆ ಕುತ್ತು ಬರುತ್ತದೆಯೇ, ಇಲ್ಲಿಯವರಿಗೆ ಓದಲು ಬಾರದ ಲಿಪಿಯನ್ನು ಗೋಡೆಗೇರಿಸಿದರೆ ಒಪ್ಪುತ್ತಾರೆಯೇ, ಮನೆಯವರಿಗೆ ಏನು ಹೇಳುವುದು ಎಂದು ಕೇಳಿದ್ದೀರಿ. ನಾನೂ ಎಚ್-4ರ ಮೇಲೆಯೇ ಬಂದು, ಇದೇ ಗೋಡೆಗಳ ನಡುವೆ ಓಡಾಡುತ್ತ ಇಲ್ಲಿ ನೆಲೆಯಾದವಳು. ಜಾಗ ಖಂಡಿತ ಇದೆ. ಆದರೆ ವೀಸಾದ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಈ ಬಳಗದಲ್ಲಿ ನಿಮಗೆ ಸಲಹೆ ಕೊಡುವ ಹೆಚ್ಚಿನವರು ಇಲ್ಲಿಯೇ ಹುಟ್ಟಿದವರಾಗಿರುತ್ತಾರೆ, ಮತ್ತು ಅವರಿಗೆ ಈ ಭಾಗ ಗೊತ್ತಿರುವುದಿಲ್ಲ.

ನ್ಯೂಯಾರ್ಕ್ ರಾಜ್ಯದಲ್ಲಿ ಮಾಲೀಕರ ಸ್ಪಷ್ಟ ಅನುಮತಿಯಿಲ್ಲದೆ ಗೋಡೆಯ ಮೇಲೆ ಬರೆಯುವುದು ಎ ದರ್ಜೆಯ ಲಘು ಅಪರಾಧ. ಹಾಗೆ ಬರೆಯುವ ಉದ್ದೇಶದಿಂದ ಸ್ಪ್ರೇ ಡಬ್ಬಿಯನ್ನೋ ಮಾರ್ಕರನ್ನೋ ಇಟ್ಟುಕೊಂಡು ತಿರುಗುವುದೇ ಬೇರೊಂದು ಅಪರಾಧ. ಹಾನಿಯ ಮೊತ್ತ 250 ಡಾಲರ್ ದಾಟಿತೆಂದರೆ ಫೆಲೊನಿಯ, ಅಂದರೆ ಗಂಭೀರ ಅಪರಾಧದ, ಆರೋಪವನ್ನೇ ಹೊರಿಸಬಹುದು, ಅಂಗಡಿಯ ಒಂದು ರೋಲಿಂಗ್ ಶಟರ್ ಸರಿಮಾಡಿಸಲು ಅಷ್ಟು ಖರ್ಚು ಸುಲಭವಾಗಿ ಆಗಿಬಿಡುತ್ತದೆ. 2019ರಲ್ಲಿ ರಾಜ್ಯವು ಎ ದರ್ಜೆಯ ಲಘು ಅಪರಾಧಗಳ ಗರಿಷ್ಠ ಶಿಕ್ಷೆಯನ್ನು ಒಂದು ವರ್ಷದಿಂದ 364 ದಿನಗಳಿಗೆ ಇಳಿಸಿತು. ಆ ಒಂದು ದಿನವನ್ನು ಕಡಿಮೆ ಮಾಡಿದ್ದು ನಮ್ಮಂಥವರನ್ನು ನೆನೆದೇ, ಏಕೆಂದರೆ ಫೆಡರಲ್ ವಲಸೆ ಕಾನೂನು ಹಲವು ಕಡೆ ಒಂದು ವರ್ಷದ ಶಿಕ್ಷೆಯನ್ನು ಗಡಿಯಾಗಿ ಇಟ್ಟುಕೊಂಡಿದೆ. ಇದರಿಂದ ಅಪಾಯ ಸ್ವಲ್ಪ ತಗ್ಗಿದೆಯೇ ಹೊರತು ಹೋಗಿಲ್ಲ. ವೀಸಾ ಮುದ್ರೆಗಾಗಿ ತುಂಬುವ ಡಿಎಸ್-160 ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿದೆಯೇ ಎಂದೂ ಕೇಳುತ್ತಾರೆ. ಮುಂದೆ ಪೌರತ್ವದ ಅರ್ಜಿಯಲ್ಲಿಯೂ ಆ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಒಂದು ರಾತ್ರಿಯ ಲಾಕಪ್ ಎಂದರೆ ಮುಂದೆ ಹೇಳಿಕೊಂಡು ನಗಲು ಒಂದು ಕಥೆ. ನಿಮಗಾದರೆ ಅದನ್ನು ಪ್ರತಿ ಅರ್ಜಿಯಲ್ಲಿಯೂ, ಪ್ರತಿ ಕಾನ್ಸುಲೇಟಿನ ಕಿಟಕಿಯಲ್ಲಿಯೂ ವಿವರಿಸಬೇಕಾದೀತು. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂದು ನಿಮಗೇ ಗೊತ್ತು.

ಎರಡನೆಯದು ಹಣ. ಎಚ್-4ರ ಮೇಲೆ ಓದಬಹುದು, ದುಡಿಯುವಂತಿಲ್ಲ. 2015ರಿಂದ, ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿರುವಂಥ ಕೆಲವು ಸಂದರ್ಭಗಳಲ್ಲಿ ಇಎಡಿ, ಅಂದರೆ ಉದ್ಯೋಗದ ಪರವಾನಗಿ, ಪಡೆಯಲು ಅವಕಾಶವಿದೆ. ಅದು ಕೈಗೆ ಬರುವವರೆಗೆ ಕೆಫೆಯ ಮಾಲೀಕರೊಬ್ಬರು ನಿಮ್ಮ ಕೆಲಸ ಮೆಚ್ಚಿ ಗೋಡೆ ಬರೆಸಿ ಲಕೋಟೆಯಲ್ಲಿ ಹಣ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಹಣಕ್ಕೆ ಬದಲಾಗಿ ಬೇರೇನಾದರೂ ಕೊಡುತ್ತೇನೆಂದರೂ ಬೇಡ, ಅಂಗಿಗಳ ಮೇಲೆ ಅಕ್ಷರ ಬರೆದು ಮಾರುವುದೂ ಬೇಡ. ನಿಮ್ಮ ಪ್ರಕರಣದ ಸೂಕ್ಷ್ಮಗಳನ್ನು ವಲಸೆ ವಕೀಲರೊಬ್ಬರ ಹತ್ತಿರ ಒಮ್ಮೆ ಕೂತು ಕೇಳಿಕೊಳ್ಳಿ. ಆ ಶುಲ್ಕ ವ್ಯರ್ಥವಾಗುವುದಿಲ್ಲ.

ಹೀಗಾಗಿ ನಿಮ್ಮ ದಾರಿ ಅನುಮತಿಯಿರುವ ಗೋಡೆಗಳ ದಾರಿಯೇ. ಇದನ್ನು ಕೇಳಿದೊಡನೆ ಯಾರಾದರೂ ಮೂಗು ಮುರಿದೇ ಮುರಿಯುತ್ತಾರೆ. ಕದ್ದು ಬರೆಯದೆ ಇದ್ದದ್ದು ಗ್ರಾಫಿಟಿಯೇ ಅಲ್ಲ, ಬರೀ ಮ್ಯೂರಲ್, ಅಂದರೆ ಭಿತ್ತಿಚಿತ್ರ, ಎನ್ನುವ ವಾದ ಇಲ್ಲಿ ಬಹಳ ಹಳೆಯದು, ಅದರಲ್ಲಿ ಹುರುಳಿಲ್ಲ ಎಂದೂ ನಾನು ಹೇಳುವುದಿಲ್ಲ. ಎತ್ತರದ ಸೂರಿನಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಬರೆದ ಗೆರೆಗೆ ಒಂದು ಬಿರುಸು ಇರುತ್ತದೆ, ಅದು ಮಧ್ಯಾಹ್ನದ ಬಿಸಿಲಿನಲ್ಲಿ ಏಣಿಯಿಟ್ಟುಕೊಂಡು ಬರೆದದ್ದರಲ್ಲಿ ಬರುವುದು ಕಷ್ಟ. ಆದರೆ ಅನುಮತಿಯ ಗೋಡೆಯ ಪರಂಪರೆಯೂ ಇಲ್ಲಿ ಚಿಕ್ಕದಲ್ಲ. ಈಸ್ಟ್ ಹಾರ್ಲೆಮ್‌ನ 106ನೇ ಬೀದಿ ಮತ್ತು ಪಾರ್ಕ್ ಅವೆನ್ಯೂ ಕೂಡುವಲ್ಲಿ ಶಾಲೆಯೊಂದರ ಅಂಗಳದ ಗೋಡೆಗಳು 1980ರಿಂದ 'ಗ್ರಾಫಿಟಿ ಹಾಲ್ ಆಫ್ ಫೇಮ್' ಎಂದು ಹೆಸರಾಗಿವೆ. ರೈಲುಗಳ ಮೇಲೆ ಬರೆದು ಹೆಸರು ಮಾಡಿದವರೇ ಅಲ್ಲಿ ಹಗಲಿನಲ್ಲಿ ನಿಂತು ಬರೆದಿದ್ದಾರೆ. ರೈಲುಗಳ ಕಾಲವಂತೂ ಮುಗಿದು ಬಹಳ ಕಾಲವಾಯಿತು. 1989ರ ಮೇ ತಿಂಗಳಲ್ಲಿ ಸಾರಿಗೆ ಪ್ರಾಧಿಕಾರವು ತನ್ನ ಬೋಗಿಗಳು ಗ್ರಾಫಿಟಿಮುಕ್ತ ಎಂದು ಘೋಷಿಸಿತು, ಬಣ್ಣ ಬಿದ್ದ ಬೋಗಿಯನ್ನು ತೊಳೆಯದೆ ಹಳಿಗೆ ಬಿಡುವುದಿಲ್ಲ ಎಂಬುದು ಅವರ ಪದ್ಧತಿ. ಇಂದು ಹೊರದೇಶಗಳಿಂದ ಬಂದು ರೈಲು ನಿಲ್ಲಿಸುವ ಯಾರ್ಡಿಗೆ ನುಗ್ಗುವವರು ತಮ್ಮ ಕೆಲಸದ ಫೋಟೋ ಒಂದನ್ನು ಕಂಡರೆ ಹೆಚ್ಚು. ಅದಕ್ಕಾಗಿ 600 ವೋಲ್ಟ್ ದಾಟಿದ ಮೂರನೇ ಹಳಿಯ ಪಕ್ಕದಲ್ಲಿ ಕತ್ತಲಲ್ಲಿ ನಡೆಯುವುದು ನನ್ನ ದೃಷ್ಟಿಯಲ್ಲಿ ಶುದ್ಧ ಹುಚ್ಚು.

ಹೊರಗಿನವಳಿಗೆ ಜಾಗವಿದೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಹಿಪ್ ಹಾಪ್ ಹುಟ್ಟಿದ್ದೇ ವಲಸೆ ಬಂದ ಮನೆಯೊಂದರಲ್ಲಿ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಜ್ವಿಕ್ ಅವೆನ್ಯೂ ಕಟ್ಟಡದ ಕೆಳಗಿನ ಕೋಣೆಯಲ್ಲಿ ನಡೆದ ಪಾರ್ಟಿಯನ್ನು ಅದರ ಜನ್ಮದಿನವೆಂದು ಎಣಿಸುತ್ತಾರೆ. ಅಂದು ರೆಕಾರ್ಡು ನುಡಿಸಿದ ಡಿಜೆ ಕೂಲ್ ಹರ್ಕ್ ಜಮೈಕಾದಿಂದ ಹುಡುಗನಾಗಿ ಬಂದವನು, ಅವನ ಹೆಸರು ಎಲ್ಲರಿಗೂ ಗೊತ್ತು. ಆ ಪಾರ್ಟಿಯನ್ನು ಏರ್ಪಡಿಸಿದವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್ ಎಂಬುದನ್ನು ಮಾತ್ರ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ಅವಳಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ದರ ಇಟ್ಟಳು. ಇನ್ನು ಗ್ರಾಫಿಟಿಯ ಕಡೆ ನೋಡಿದರೆ, ಎಕ್ವಡಾರ್‌ನಲ್ಲಿ 1964ರಲ್ಲಿ ಹುಟ್ಟಿ ಬಾಲ್ಯದಲ್ಲೇ ಇಲ್ಲಿಗೆ ಬಂದು ನಿಮ್ಮ ಇದೇ ಕ್ವೀನ್ಸ್‌ನಲ್ಲಿ ಬೆಳೆದ ಲೇಡಿ ಪಿಂಕ್ 1979ರಿಂದ ರೈಲುಗಳ ಮೇಲೆ ಬರೆಯಲಾರಂಭಿಸಿದರು, 1980ರಲ್ಲಿ ಹೆಣ್ಣುಮಕ್ಕಳದ್ದೇ ಒಂದು ಕ್ರ್ಯೂ, ಅಂದರೆ ಜೊತೆಯಾಗಿ ಬರೆಯುವವರ ತಂಡ, ಕಟ್ಟಿದರು. ಅವರಿಗೂ ಮೊದಲು, 1970ರ ದಶಕದ ಆರಂಭದಲ್ಲೇ, ಬಾರ್ಬರಾ 62 ಮತ್ತು ಈವಾ 62 ಎಂಬ ಹೆಸರುಗಳು ನಗರದ ಗೋಡೆಗಳ ಮೇಲೆ ಇದ್ದವು. ರ‍್ಯಾಪ್‌ನಲ್ಲಿ ಎಮ್‌ಸಿ ಶಾ-ರಾಕ್ ಇದ್ದರು, ಪಕ್ಕದ ಕ್ವೀನ್ಸ್‌ಬ್ರಿಜ್ ವಸತಿಯಿಂದ 1984ರಲ್ಲಿ ಹದಿನಾಲ್ಕರ ಹುಡುಗಿ ರಾಕ್ಸೇನ್ ಶಾಂಟೆ ಎದ್ದು ಬಂದಳು.

ಇಲ್ಲಿ ಒಂದು ಎಚ್ಚರಿಕೆ. ಗ್ರಾಫಿಟಿ ಹಿಪ್ ಹಾಪ್‌ನ ನಾಲ್ಕು ಅಂಗಗಳಲ್ಲಿ ಒಂದು ಎಂದು ಎಲ್ಲೆಡೆ ಓದಿರುತ್ತೀರಿ. ಆ ಮಾತನ್ನು ಹಳೆಯ ರೈಟರ್ (ಗ್ರಾಫಿಟಿ ಬರೆಯುವವರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಒಬ್ಬರ ಮುಂದೆ ಆಡಿ ನೋಡಿ, ಅರ್ಧ ಗಂಟೆ ಬೈಸಿಕೊಳ್ಳುತ್ತೀರಿ. ಸೆಜ್ವಿಕ್ ಪಾರ್ಟಿಗಿಂತ ಮೊದಲೇ, 1971ರಲ್ಲಿಯೇ, ಟಾಕಿ 183 ಎಂಬ ಗ್ರೀಕ್ ಮನೆತನದ ಹುಡುಗನ ಬಗ್ಗೆ ಪತ್ರಿಕೆಯಲ್ಲಿ ವರದಿ ಬಂದಿತ್ತು, ಆಗಿನ ಎಷ್ಟೋ ರೈಟರ್‌ಗಳು ಕೇಳುತ್ತಿದ್ದದ್ದು ರಾಕ್ ಸಂಗೀತ. ಎರಡೂ ಒಂದೇ ಬೀದಿಗಳಲ್ಲಿ ಬೆಳೆದು ಆಮೇಲೆ ಬೆಸೆದುಕೊಂಡವು ಎಂದರೆ ಯಾರಿಗೂ ನೋವಾಗುವುದಿಲ್ಲ.

ಈ ಇತಿಹಾಸವನ್ನೆಲ್ಲ ಹೇಳಿದ್ದು ಬರೀ ಧೈರ್ಯ ತುಂಬಲು ಅಲ್ಲ, ಇಲ್ಲಿಯ ರೀತಿ ತಿಳಿಯಲೆಂದು. ಇಲ್ಲಿ ಎಲ್ಲಿಂದ ಬಂದವಳು ಎಂಬ ಪ್ರಶ್ನೆ ಎರಡನೆಯದು, ಏನು ಬರೆದಿದ್ದೀ ಎಂಬುದೇ ಮೊದಲನೆಯದು. ಆದರೆ ಹೆಣ್ಣಿನ ಮುಂದೆ ಮೂರನೆಯ ಪ್ರಶ್ನೆಯೊಂದನ್ನು ಇಡುತ್ತಾರೆ: ಇದನ್ನು ನಿನಗೆ ಯಾರು ಬರೆದುಕೊಟ್ಟರು? ಲೇಡಿ ಪಿಂಕ್‌ಗೂ ಅದನ್ನೇ ಕೇಳಿದ್ದರು. ಅವಳ ಪೀಸುಗಳನ್ನು, ಅಂದರೆ ಬಣ್ಣ ತುಂಬಿದ ದೊಡ್ಡ ಬರಹಗಳನ್ನು, ಹುಡುಗರು ಬರೆಯುತ್ತಾರೆ, ಅವಳು ಅವರ ಜೊತೆಗಿರುತ್ತಾಳೆ ಎಂಬ ಗುಸುಗುಸು ಹಬ್ಬಿತ್ತೆಂದು, ತನ್ನ ಬಣ್ಣ ತಾನೇ ಹೊತ್ತು ತಾನೇ ಬರೆಯುತ್ತೇನೆಂದು ತೋರಿಸಿಕೊಡಬೇಕಾಯಿತೆಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ಗುಸುಗುಸು ಈಗಲೂ ಸತ್ತಿಲ್ಲ. ಆದ್ದರಿಂದ ಮೊದಲ ಕೆಲವು ಗೋಡೆಗಳನ್ನು ಯಾರ ಕ್ರ್ಯೂ ಜೊತೆಗೂ ಸೇರದೆ, ಹಗಲಿನಲ್ಲಿ, ನಾಲ್ಕು ಜನರ ಕಣ್ಣೆದುರಿಗೆ ಬರೆಯಿರಿ. ಏಣಿ ಹಿಡಿಯಲು ಬಂದವರಿಗೆ ಏಣಿ ಕೊಡಿ, ಹೊರಗೆರೆ ಎಳೆದುಕೊಡುತ್ತೇನೆ ಎಂದು ಬಂದವರಿಗೆ ಡಬ್ಬಿ ಕೊಡಬೇಡಿ. ಸಹಾಯ ಮಾಡುವ ಮನಸ್ಸಿನಿಂದಲೇ ಕೇಳಿರಬಹುದು, ಆದರೂ ಬೇಡ. ಹೊರಗೆರೆ ಯಾರದೋ ಪೀಸು ಅವರದು.

ಒಳಬಾಗಿಲು ಬ್ಲ್ಯಾಕ್‌ಬುಕ್. ಗಟ್ಟಿ ರಟ್ಟಿನ ಒಂದು ಸ್ಕೆಚ್ ಪುಸ್ತಕ ಕೊಂಡು ನಿಮ್ಮ ಹೆಸರನ್ನು, ಅಂದರೆ ಗೋಡೆಗಾಗಿ ಆರಿಸಿಕೊಂಡ ಹೆಸರನ್ನು, ಬರೆದು ಬರೆದು ತುಂಬಿಸಿ. ಬೇಸಿಗೆಯಲ್ಲಿ ಅಸ್ಟೋರಿಯಾದ ವೆಲಿಂಗ್ ಕೋರ್ಟ್‌ಗೆ ಹೋಗಿ. 2010ರಿಂದ ಅಲ್ಲಿ ಅಕ್ಕಪಕ್ಕದ ಮನೆ-ಅಂಗಡಿ-ಗ್ಯಾರೇಜುಗಳವರೇ ಗೋಡೆ ಬಿಟ್ಟುಕೊಟ್ಟು ಚಿತ್ರ ಬರೆಸುತ್ತ ಬಂದಿದ್ದಾರೆ. ಬ್ರೂಕ್ಲಿನ್‌ನ ಬುಷ್‌ವಿಕ್ ಕಲೆಕ್ಟಿವ್ ಇನ್ನೂ ದೊಡ್ಡದು, ಜಗತ್ತಿನ ಹೆಸರುವಾಸಿಗಳೆಲ್ಲ ಬಂದು ಹೋಗುವ ಜಾಗ, ಆದರೆ ಹೊಸಬರಿಗೆ ಅಲ್ಲಿ ಗೋಡೆ ಸಿಗುವುದು ಕಷ್ಟ. ನೋಡಿ ಕಲಿಯಲು ಹೋಗಿ. ಮ್ಯಾನ್‌ಹಟನ್‌ನ ಹ್ಯೂಸ್ಟನ್ ಬೀದಿಯ ಹತ್ತಿರದ ಫಸ್ಟ್ ಸ್ಟ್ರೀಟ್ ಗ್ರೀನ್ ಉದ್ಯಾನದಲ್ಲಿ ಹಲಗೆಗಳ ಮೇಲೆ ಕೆಲಸ ಬದಲಾಗುತ್ತಲೇ ಇರುತ್ತದೆ. ಎಲ್ಲಿ ಹೋದರೂ ಗೋಡೆಗಳನ್ನು ನೋಡಿಕೊಳ್ಳುವ ಒಬ್ಬರು ಇರುತ್ತಾರೆ. ಅವರನ್ನು ಗುರುತಿಸಿ, ಕೆಲಸ ಮಾಡುತ್ತಿರುವಾಗ ಮಾತನಾಡಿಸದೆ, ಡಬ್ಬಿ ಕೆಳಗಿಟ್ಟಾಗ ಪುಸ್ತಕ ಮುಂದಿಡಿ. ಅವರು ಪುಟ ತಿರುವುವುದನ್ನು ಗಮನಿಸಿ: ಬಣ್ಣ ತುಂಬಿದ ಚೆಂದದ ಪುಟಗಳನ್ನು ಸರಸರನೆ ದಾಟಿ, ಬರೀ ಪೆನ್ನಿನಲ್ಲಿ ಒಂದೇ ಅಕ್ಷರವನ್ನು ಮತ್ತೆ ಮತ್ತೆ ತಿದ್ದಿದ ಪುಟದಲ್ಲಿ ನಿಲ್ಲುತ್ತಾರೆ. ಅದನ್ನು ಮೆಚ್ಚಿದರೆ ತಾವೂ ಒಂದು ಪುಟದಲ್ಲಿ ತಮ್ಮ ಟ್ಯಾಗ್, ಅಂದರೆ ಸಹಿಯಂತೆ ಬರೆಯುವ ಹೆಸರು, ಹಾಕಿಕೊಡುತ್ತಾರೆ. ಗೋಡೆ ಬರಲು ಆಮೇಲೂ ತಿಂಗಳುಗಳಾಗಬಹುದು. ಬರುವ ಮೊದಲ ಗೋಡೆ ಕಸದ ಡಬ್ಬಿಗಳ ಹಿಂದಿನ ಮೂಲೆಯೇ ಆಗಿರುತ್ತದೆ, ತಕರಾರಿಲ್ಲದೆ ತೆಗೆದುಕೊಳ್ಳಿ. ಒಬ್ಬರ ಕೆಲಸದ ಮೇಲೆ ಬರೆಯುವಾಗ ಟ್ಯಾಗ್ ಮೇಲೆ ಥ್ರೋ-ಅಪ್ (ಬೇಗನೆ ಬರೆದು ಮುಗಿಸುವ ಉಬ್ಬಿದ ಅಕ್ಷರಗಳು) ಬರಬಹುದು, ಥ್ರೋ-ಅಪ್ ಮೇಲೆ ಪೀಸ್ ಬರಬಹುದು, ತಿರುಗಾಮುರುಗಾ ಆಗಕೂಡದು. ಬರೆಯುವ ಮೊದಲು ಅಲ್ಲಿದ್ದದ್ದು ಯಾರದೆಂದು ಕೇಳುವುದು ಎಲ್ಲಕ್ಕಿಂತ ಕ್ಷೇಮ. ಮಾಲೀಕರ ಅನುಮತಿಯನ್ನು ಕಾಗದದ ಮೇಲೆ ಬರೆಸಿಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ. ನಗರದವರು ದೂರು ಬಂದ ಗೋಡೆಗಳನ್ನು ಉಚಿತವಾಗಿ ಬಳಿದು ಹೋಗುತ್ತಾರೆ, ಹಾಗಾಗಿ ಈ ಚಿತ್ರ ನನಗೆ ಬೇಕೆಂದು ಮಾಲೀಕರೇ ಅವರಿಗೆ ತಿಳಿಸುವಂತೆ ಒಪ್ಪಿಸಿರಿ.

ಕನ್ನಡ ಅಕ್ಷರಗಳ ಬಗ್ಗೆ ನಿಮಗಿರುವ ಅಳುಕು ಅನಗತ್ಯ. ವೈಲ್ಡ್‌ಸ್ಟೈಲ್‌ನಲ್ಲಿ ಒಂದರೊಳಗೊಂದು ಹೆಣೆದ ಇಂಗ್ಲಿಷ್ ಅಕ್ಷರಗಳನ್ನೇ ಇಲ್ಲಿ ಹುಟ್ಟಿದವರೂ ಓದಲಾರರು. ಅವರು ಓದುವುದು ತೂಕ, ಬಾಗು, ನಡುವಿನ ಖಾಲಿ ಜಾಗ. ಆ ಲೆಕ್ಕದಲ್ಲಿ ನಮ್ಮ ಲಿಪಿಗೆ ಹುಟ್ಟಿನಿಂದಲೇ ಬಂದ ಅನುಕೂಲಗಳಿವೆ. ತಲಕಟ್ಟಿನ ತುದಿಯನ್ನು ಬಾಣವಾಗಿ ಎಳೆದು ಮುಂದಿನ ಅಕ್ಷರದ ಮೈಯೊಳಗೆ ಸಿಕ್ಕಿಸಬಹುದು, ಇಲ್ಲಿಯವರು ಅಂಥ ಬಾಣಗಳನ್ನು ಹೊರಗಿನಿಂದ ತಂದು ಅಂಟಿಸಬೇಕು. ಕೊಂಬು, ದೀರ್ಘ, ಒತ್ತುಗಳು ಅಕ್ಷರದ ಸುತ್ತ ನಾಲ್ಕು ದಿಕ್ಕಿಗೂ ಕೈಚಾಚುತ್ತವೆ. ಕಷ್ಟಗಳೂ ಇವೆ. ಒತ್ತಕ್ಷರ ಕೆಳಗಿಳಿಯುವುದರಿಂದ ಗೋಡೆಯ ಬುಡದಲ್ಲಿ ಒಂದಡಿಯಾದರೂ ಬಿಟ್ಟುಕೊಂಡು ಅಳತೆ ಹಾಕಬೇಕು, ಇಲ್ಲವಾದರೆ ಅದು ಕಾಲುದಾರಿಯ ಸಿಮೆಂಟಿಗೆ ತಾಗಿ ಮೊಂಡಾಗುತ್ತದೆ. ರೋಮನ್ ಅಕ್ಷರದ ನೇರ ಗೆರೆಗೆ ಮೂಲೆಯಿದೆ, ಅಲ್ಲಿ ಕೈ ನಿಲ್ಲಿಸಿ ಉಸಿರು ಬಿಡಬಹುದು. ನಮ್ಮ ಠ ಬರೆಯುವಾಗ ಎಲ್ಲಿ ನಿಲ್ಲುತ್ತೀರಿ? ನಿಧಾನಿಸಿದ ಕಡೆ ಬಣ್ಣ ಇಳಿಯುತ್ತದೆ, ಶುರು ಮಾಡಿದಲ್ಲಿ ಮತ್ತು ಮುಗಿಸಿದಲ್ಲಿ ಗೆರೆ ದಪ್ಪಗಾಗಿ ಗಂಟು ಕಾಣುತ್ತದೆ. ಮಣಿಕಟ್ಟನ್ನು ಮರೆತು ಭುಜದಿಂದ ತೋಳನ್ನು ತಿರುಗಿಸಬೇಕು, ಪಾದಗಳೂ ಜೊತೆಗೆ ಸರಿಯಬೇಕು. ಡಬ್ಬಿಯನ್ನು ಗೋಡೆಯಿಂದ ಒಂದೇ ದೂರದಲ್ಲಿಟ್ಟು, ಗುಂಡಿ ಒತ್ತುವ ಮೊದಲೇ ಕೈಯನ್ನು ಓಡಿಸಿ, ವೃತ್ತ ಕೂಡಿದ ಮೇಲೂ ಸ್ವಲ್ಪ ಮುಂದಕ್ಕೆ ಓಡಿಸಿ ಗುಂಡಿ ಬಿಡಬೇಕು. ಹೆಚ್ಚಾದದ್ದನ್ನು ಒಳಗಿನ ಬಣ್ಣದಿಂದ ಕತ್ತರಿಸಿ ಸರಿಮಾಡಿಕೊಳ್ಳಬಹುದು. ಮೊದಲು ತೆಳು ಬಣ್ಣದ ಕರಡುಗೆರೆ, ಆಮೇಲೆ ತುಂಬುವುದು, ಕೊನೆಗೆ ಹೊರಗೆರೆ ಎಂಬ ಕ್ರಮ ಬಿಡಬೇಡಿ. ಕೆಲಸ ಮುಗಿದಾಗ ಡಬ್ಬಿಯನ್ನು ತಲೆಕೆಳಗು ಮಾಡಿ ಬರೀ ಗಾಳಿ ಬರುವವರೆಗೆ ಒತ್ತಿದರೆ ಬಣ್ಣ ಚಿಮ್ಮುವ ಕ್ಯಾಪ್ ಕಟ್ಟಿಕೊಳ್ಳುವುದಿಲ್ಲ. ಚಳಿಯಲ್ಲಿ ಡಬ್ಬಿಯ ಒತ್ತಡ ಕುಸಿದು ಬಣ್ಣ ಉಗುಳಲಾರಂಭಿಸುತ್ತದೆ, ಮುಂದಿನ ಡಬ್ಬಿಯನ್ನು ಕೋಟಿನೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ.

ಹೆಂಗಸರು ತಮ್ಮತಮ್ಮಲ್ಲಿ ಮಾತ್ರ ಹೇಳಿಕೊಳ್ಳುವ ಎರಡು ಮಾತು. ಗೋಡೆಗಳಿರುವುದು ಗೋದಾಮುಗಳ ನಡುವೆ, ಅಲ್ಲಿ ಭಾನುವಾರ ಶೌಚಾಲಯ ಸಿಗುವುದಿಲ್ಲ. ಹುಡುಗರು ಇದನ್ನು ಯೋಚಿಸುವುದೇ ಇಲ್ಲ. ನೀರು ಕುಡಿಯದೆ ಇಡೀ ದಿನ ಬಿಸಿಲಿನಲ್ಲಿ ನಿಂತು ಮೂತ್ರದ ಸೋಂಕು ತಂದುಕೊಂಡವರು ನನಗೆ ಗೊತ್ತು. ಬೆಳಿಗ್ಗೆಯೇ ಹತ್ತಿರದ ಕೆಫೆ ಅಥವಾ ಗ್ರಂಥಾಲಯ ಗುರುತಿಸಿಕೊಂಡು, ಬಣ್ಣ ಕಾಯಲು ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಇನ್ನೊಂದು ಮುಖವಾಡದ ವಿಷಯ. ಧೂಳು ತಡೆಯುವ ಬಿಳಿ ಮಾಸ್ಕ್ ಸಾಲದು, ರಾಸಾಯನಿಕ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆಯಿದ್ದರೆ ಸ್ಪ್ರೇ ಬದಿಗಿಟ್ಟು ವೈದ್ಯರನ್ನು ಕೇಳಿ. ಆ ಕಾಲಕ್ಕೆ ಬ್ರಷ್ ಮತ್ತು ಅಕ್ರಿಲಿಕ್ ಇದ್ದೇ ಇದೆ.

ಸಂಗೀತದ ಕಡೆಯ ದಾರಿ ಇದಕ್ಕಿಂತ ಸಲೀಸು. ಡಿಜೆ ರೇಖಾ ಎಂಬವರು 1997ರಲ್ಲಿ ಮ್ಯಾನ್‌ಹಟನ್‌ನ ಎಸ್‌ಒಬಿಸ್ ಕ್ಲಬ್ಬಿನಲ್ಲಿ ಶುರು ಮಾಡಿ 2017ರವರೆಗೆ ತಿಂಗಳಿಗೊಮ್ಮೆ ನಡೆಸಿದ ಭಾಂಗ್ರಾ ರಾತ್ರಿಗಳಲ್ಲಿ ಹಿಪ್ ಹಾಪ್ ಮತ್ತು ಢೋಲು ಒಂದೇ ನೆಲದ ಮೇಲೆ ಕುಣಿದವು. ನಮ್ಮ ಕಡೆಯ ಹೆಣ್ಣುಮಕ್ಕಳು ನಿರಾಳವಾಗಿ ಹೋಗಿ ಬರಬಹುದಾದ ಜಾಗ ಅದಾಗಿತ್ತು. ಸೈಫರ್‌ಗಳಲ್ಲಿ, ಅಂದರೆ ಕುಣಿಯುವವರೋ ಹಾಡುವವರೋ ಕಟ್ಟಿಕೊಳ್ಳುವ ವೃತ್ತಗಳಲ್ಲಿ, ಮೊದಲು ಬರೀ ನಿಂತು ನೋಡಿದರೂ ಯಾರೂ ಏನೂ ಅನ್ನುವುದಿಲ್ಲ, ಮೊಬೈಲ್ ಎತ್ತಿ ಚಿತ್ರೀಕರಿಸುವುದನ್ನು ಮಾತ್ರ ಸಹಿಸುವುದಿಲ್ಲ.

ಅನುಮತಿಯಿದ್ದ ಮಾತ್ರಕ್ಕೆ ಗೋಡೆ ಉಳಿಯುತ್ತದೆ ಎಂದುಕೊಳ್ಳಬೇಡಿ. ನಿಮ್ಮ 7ನೇ ನಂಬರಿನ ರೈಲು ಲಾಂಗ್ ಐಲೆಂಡ್ ಸಿಟಿಯಲ್ಲಿ ತಿರುವು ತೆಗೆದುಕೊಳ್ಳುವಾಗ ಕಾಣುವ ಎತ್ತರದ ವಸತಿ ಗೋಪುರಗಳಿದ್ದ ಜಾಗದಲ್ಲಿ ಮೊದಲು ಫೈವ್ ಪಾಯಿಂಟ್ಜ್ ಇತ್ತು. ಹಳೆಯ ಕಾರ್ಖಾನೆಯ ಕಟ್ಟಡ ಅದು. ಮಾಲೀಕರ ಒಪ್ಪಿಗೆಯಿಂದ, 2002ರಿಂದ ಮೆರೆಸ್ ಒನ್ ಎಂಬ ಕಲಾವಿದರ ಉಸ್ತುವಾರಿಯಲ್ಲಿ, ಅದರ ಗೋಡೆಗಳ ಮೇಲೆ ಜಗತ್ತಿನ ಎಲ್ಲೆಡೆಯ ರೈಟರ್‌ಗಳು ಬಂದು ಬರೆಯುತ್ತಿದ್ದರು. 2013ರ ನವೆಂಬರ್‌ನ ಒಂದು ರಾತ್ರಿ ಮಾಲೀಕರು ಎಲ್ಲಕ್ಕೂ ಬಿಳಿ ಬಣ್ಣ ಬಳಿಸಿದರು, ಮರುವರ್ಷ ಕಟ್ಟಡವೇ ನೆಲಸಮವಾಯಿತು. 21 ಕಲಾವಿದರು ಮೊಕದ್ದಮೆ ಹೂಡಿದರು, ಲೇಡಿ ಪಿಂಕ್ ಅವರಲ್ಲಿ ಒಬ್ಬರು. 2018ರಲ್ಲಿ ನ್ಯಾಯಾಲಯವು ಅವರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು, 2020ರಲ್ಲಿ ಮೇಲ್ಮನವಿಯಲ್ಲಿಯೂ ಅದು ನಿಂತಿತು. ದೃಶ್ಯ ಕಲಾವಿದರ ಹಕ್ಕುಗಳ 1990ರ ಕಾಯಿದೆ ಅವರ ನೆರವಿಗೆ ಬಂದದ್ದು ಅಲ್ಲಿ ಬರೆದದ್ದು ಕದ್ದು ಬರೆದದ್ದಲ್ಲವಾದ್ದರಿಂದ. ಗೋಪುರಗಳಿಗೆ ಫೈವ್ ಪಾಯಿಂಟ್ಜ್ ಎಂಬ ಹೆಸರನ್ನೇ ಇಟ್ಟುಕೊಂಡು ಬಾಡಿಗೆಗೆ ಬಿಟ್ಟಿದ್ದಾರೆ ಎಂಬುದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಚಿತ್ರಗಳಿಂದ ಬೀದಿಗೆ ಬೆಲೆ ಬಂದು, ಆ ಬೆಲೆಯೇ ಅಲ್ಲಿಯ ಬಡ ವಲಸಿಗರನ್ನು ಹೊರಗೆ ತಳ್ಳುವುದನ್ನು ಬುಷ್‌ವಿಕ್‌ನಲ್ಲಿಯೂ ಕಾಣುತ್ತೀರಿ. ಗೋಡೆ ಕೊಡುವವರು ಯಾರು, ಏಕೆ ಕೊಡುತ್ತಿದ್ದಾರೆ ಎಂದು ವಿಚಾರಿಸಿಕೊಂಡೇ ಒಪ್ಪಿ.

ಮನೆಯವರ ಮಾತು. ನಿಮ್ಮ ಗಂಡನಿಗೆ ಎಲ್ಲವನ್ನೂ ಹೇಳಿ, ವೀಸಾ ಇಬ್ಬರದೂ ಆದ್ದರಿಂದ ಅದು ಅವರ ಹಕ್ಕು ಕೂಡ. ಒಮ್ಮೆ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಅನುಮತಿ ಪತ್ರ ತೋರಿಸಿದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ಅತ್ತೆ-ಮಾವನವರಿಗೆ ಗೋಡೆಯ ಮೇಲೆ ಚಿತ್ರ ಬರೆಯುತ್ತೇನೆ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಕನ್ನಡ ಕೂಟದವರು ಮೊದಲು ಗುಸುಗುಸು ಮಾಡಿ, ಆಮೇಲೆ ರಾಜ್ಯೋತ್ಸವದ ವೇದಿಕೆಗೆ ಬ್ಯಾಕ್‌ಡ್ರಾಪ್ ಬರೆದುಕೊಡಿ ಎಂದು ಬರುತ್ತಾರೆ. ಬಿಟ್ಟಿ ಮಾಡಿಸಿಕೊಳ್ಳುವುದರಲ್ಲಿ ಅವರು ನಿಸ್ಸೀಮರು, ಆದರೆ ಇಎಡಿ ಬರುವವರೆಗೆ ನಿಮಗೂ ಅದೇ ಸರಿ. ಬಣ್ಣದ ಖರ್ಚನ್ನು ಅವರೇ ಅಂಗಡಿಗೆ ನೇರವಾಗಿ ಕಟ್ಟಲಿ. ಒಳ್ಳೆಯ ಡಬ್ಬಿಯೊಂದಕ್ಕೆ 8ರಿಂದ 10 ಡಾಲರ್ ಬೀಳುತ್ತದೆ, ಸಾಧಾರಣ ಗೋಡೆಗೆ ಹದಿನೈದು ಡಬ್ಬಿಯಾದರೂ ಬೇಕು. ಮಾರ್ಚ್ ಮುಗಿದು ಚಳಿ ಇಳಿದ ಮೇಲೆ ವೆಲಿಂಗ್ ಕೋರ್ಟ್‌ನ ಕಡೆ ಒಂದು ಸುತ್ತು ಬನ್ನಿ. ಅಷ್ಟರಲ್ಲಿ ಒಂದೇ ಹೆಸರಿನಿಂದ ತುಂಬಿದ ಒಂದು ಬ್ಲ್ಯಾಕ್‌ಬುಕ್ ನಿಮ್ಮ ಕೈಯಲ್ಲಿರಲಿ, ಬಣ್ಣ ಹಾಕದ ಪುಟಗಳೇ ಹೆಚ್ಚಿರಲಿ.